ದಾಳ ಉರುಳಿಸುವ ಮೊದಲು: ಸ್ಕಿಲ್ ಚೆಕ್ ನಡೆಸಲು ಯಾವ ದಾರಿ ಹಿಡಿಯಬೇಕು?

ಮೇಜಿನ ಸುತ್ತ ಕೂತು ಕಥೆ ಕಟ್ಟುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿ ಆಟಗಾರರು ಒಂದೊಂದು ಪಾತ್ರ ವಹಿಸುತ್ತಾರೆ, ಡಿಎಂ (ಡಂಜನ್ ಮಾಸ್ಟರ್) ಕಥೆ ನಡೆಸುತ್ತಾನೆ. ಪಾತ್ರ ಹೊರಟ ಕೆಲಸ ಆಯಿತೋ ಇಲ್ಲವೋ ಅಂತ ದಾಳದಿಂದ ತೀರ್ಮಾನಿಸುವುದೇ ಸ್ಕಿಲ್ ಚೆಕ್. ನಾನು ಡಿಎಂ ಆಗಿ ನಡೆಸಿದ ಮೊದಮೊದಲ ಆಟಗಳಲ್ಲಿ ಒಂದು ಬಾವಿಕಟ್ಟೆಯ ಮೇಲೆ ಕೂತು ಸತ್ತುಹೋಯಿತು. ಪಾಳುಬಿದ್ದ ಕೋಟೆ, ನಡುರಾತ್ರಿ, ನೀರು ಬತ್ತಿದ ಬಾವಿ. ಬಾವಿಯ ಒಳಗೋಡೆಯಲ್ಲಿ ಒಂದು ಸಡಿಲ ಕಲ್ಲು, ಅದರ ಹಿಂದೆ ಸುರಂಗ. ನಾನು ಬರೆದಿಟ್ಟುಕೊಂಡಿದ್ದ ಕಥೆ ಪೂರ್ತಿ ಆ ಸುರಂಗದ ಆಚೆ ಇತ್ತು. ಆಟಗಾರರು "ಹುಡುಕ್ತೀವಿ" ಎಂದರು. ನಾನು "ರೋಲ್ ಮಾಡಿ" ಎಂದೆ. ಐದು ಜನ ಒಬ್ಬರಾದ ಮೇಲೆ ಒಬ್ಬರು ಉರುಳಿಸಿದರು. ಐದು ಗರವೂ ಕೈಕೊಟ್ಟಿತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ ಹಲ್ಲು ಕಿರಿದು "ಇನ್ನೊಂದ್ಸಲ ನೋಡಿ" ಎಂದೆ. ಕಲ್ಲು ಸಿಗುವ ತನಕ ಉರುಳಿಸುತ್ತಲೇ ಇರಬೇಕು ಅನ್ನುವುದು ಆಗ ಎಲ್ಲರಿಗೂ ಗೊತ್ತಾಗಿಬಿಟ್ಟಿತು.

ತಪ್ಪು ನಿಯಮದ್ದು ಅಂದುಕೊಂಡೆ. ಒಂದಾದ ಮೇಲೊಂದು ಆಟ ಬದಲಿಸಿದೆ. ಡಿ20 (ಇಪ್ಪತ್ತು ಮುಖದ ದಾಳ) ಬಿಟ್ಟು 1ರಿಂದ 100ರ ತನಕ ಬೀಳುವ ಶೇಕಡಾ ದಾಳ, ಅದನ್ನು ಬಿಟ್ಟು ಎರಡು ಡಿ6 (ಆರು ಮುಖದ ದಾಳ), ಆಮೇಲೆ ಬೊಗಸೆ ತುಂಬ ಡೈಸ್. ಎಲ್ಲಾ ಕಡೆ ಅದೇ ಬಾವಿ ಎದುರಾಯಿತು. ಸೋತರೆ ಏನಾಗಬೇಕು ಅನ್ನುವುದನ್ನು ನಾನು ಮೊದಲೇ ಯೋಚಿಸಿರಲಿಲ್ಲ, ಅಷ್ಟೇ. ಅದು ತಲೆಗೆ ಹೊಕ್ಕ ಮೇಲೆ ಯಾವ ದಾಳ ಬೇಕು ಅನ್ನುವ ಪ್ರಶ್ನೆ ಅರ್ಧ ಸುಲಭವಾಯಿತು. ಹಾಗಾಗಿ ಇಲ್ಲಿ ಬೇರೆ ಬೇರೆ ದಾರಿಗಳನ್ನು ಆ ಒಂದೇ ಬಾವಿಯಲ್ಲಿ ಇಳಿಸಿ ನೋಡುತ್ತೇನೆ. ಇಳಿಯುವವಳು ಒಬ್ಬ ಕಳ್ಳಿ (ಮುಳ್ಳಿನ ಗಿಡ ಅಲ್ಲ, ಕಳ್ಳತನದ ಕೆಲಸದವಳು). ಮೇಲೆ ಹಗ್ಗ ಹಿಡಿದು ನಿಂತವರು ಒಬ್ಬ ಯೋಧ, ಒಬ್ಬ ಮಾಂತ್ರಿಕ, ಇನ್ನಿಬ್ಬರು. ಕೋಟೆಯ ಸುತ್ತ ಲಾಟೀನು ಹಿಡಿದ ಒಬ್ಬ ಕಾವಲುಗಾರ ಸುತ್ತುತ್ತಿದ್ದಾನೆ.

ಉರುಳಿಸುವುದೋ, ಮಾತಲ್ಲೇ ಮುಗಿಸುವುದೋ

ಮೊದಲ ಆಯ್ಕೆ ಇದೇ. 1974ರಲ್ಲಿ ಬಂದ ಮೊದಲ ಡಂಜನ್ಸ್ ಅಂಡ್ ಡ್ರಾಗನ್ಸ್‌ನಲ್ಲಿ ಇವತ್ತಿನ ಥರದ ಸ್ಕಿಲ್ ಪಟ್ಟಿ ಇರಲಿಲ್ಲ. ಗುಪ್ತ ಬಾಗಿಲು ಹುಡುಕುವಂಥ ಕೆಲವು ಕೆಲಸಗಳಿಗೆ ಒಂದು ಡಿ6 ಇತ್ತು. ಉಳಿದದ್ದೆಲ್ಲ ಮಾತು. ಹೇಗೆ ಇಳಿಯುತ್ತೀಯ, ಕೈಯಲ್ಲಿ ಏನಿದೆ, ಕಲ್ಲನ್ನು ತಟ್ಟಿ ನೋಡುತ್ತೀಯಾ, ದೀಪ ಹಿಡಿಯುತ್ತೀಯಾ? ಉತ್ತರ ಸರಿಯಾಗಿದ್ದರೆ ಕೆಲಸ ಆಯಿತು. 1975ರ ಒಂದು ಪುರವಣಿಯಲ್ಲಿ ಕಳ್ಳನ ವರ್ಗ (ಆರಿಸಿಕೊಳ್ಳಬಹುದಾದ ಪಾತ್ರದ ಒಂದು ಬಗೆ) ಬಂತು. ಬೀಗ ತೆಗೆಯುವುದಕ್ಕೆ, ಗೋಡೆ ಹತ್ತುವುದಕ್ಕೆ, ನೆರಳಲ್ಲಿ ಅಡಗುವುದಕ್ಕೆ ಶೇಕಡಾ ಲೆಕ್ಕದ ಅಂಕಿಗಳೂ ಜೊತೆಗೆ ಬಂದವು. ಅಲ್ಲಿಂದ ಶುರುವಾದ ಜಗಳ ಇನ್ನೂ ನಿಂತಿಲ್ಲ. ಕಳ್ಳನ ಹಾಳೆಯಲ್ಲಿ (ಪಾತ್ರದ ಗುಣ, ಅಂಕಿಗಳನ್ನು ಬರೆದಿಡುವ ಕಾಗದ) "ಅಡಗುವುದು" ಅಂತ ಬರೆದ ಕೂಡಲೇ, ಉಳಿದವರು ಅಡಗಲೇಬಾರದಾ ಅನ್ನುವ ಪ್ರಶ್ನೆ ಏಳುತ್ತದೆ. ಹಾಳೆಯಲ್ಲಿ ಬರೆದಿದ್ದು ಮಾತ್ರ ಮಾಡಬಹುದು ಅನ್ನುವ ಭಾವನೆ ಬಂದರೆ ಆಟಗಾರರು ಕೋಣೆಯನ್ನು ನೋಡುವುದು ಬಿಟ್ಟು ಹಾಳೆ ನೋಡುತ್ತಾ ಕೂರುತ್ತಾರೆ.

ಮಾತಿನ ದಾರಿಯಲ್ಲಿ ಮೇಜು ಎಚ್ಚರವಾಗಿರುತ್ತದೆ. ಎಲ್ಲರೂ ಪ್ರಶ್ನೆ ಕೇಳುತ್ತಾರೆ. ಬಾವಿಗೆ ಕಲ್ಲು ಎಸೆದು ಸದ್ದು ಕೇಳುತ್ತಾರೆ, ಕಟ್ಟೆಯ ಮೇಲಿನ ಹಗ್ಗದ ಗೀರು ಎಷ್ಟು ಹಳೆಯದು ಅಂತ ವಿಚಾರಿಸುತ್ತಾರೆ. ಆದರೆ ಡಿಎಂ ಮನಸ್ಸಿನಲ್ಲಿ ಒಂದೇ ಉತ್ತರ ಇಟ್ಟುಕೊಂಡು ಕೂತರೆ ಅದು ಒಗಟು ಬಿಡಿಸುವ ಪರೀಕ್ಷೆ ಆಗಿಬಿಡುತ್ತದೆ. ಇನ್ನೊಂದು ತೊಂದರೆ ಮಾತುಕತೆಯ ದೃಶ್ಯಗಳಲ್ಲಿ ಕಾಣುತ್ತದೆ. ನಾಲ್ಕು ಜನರ ಮುಂದೆ ಬಾಯಿ ಬಿಡಲು ಸಂಕೋಚ ಪಡುವ ಆಟಗಾರ ಮಾತಿನ ಮಲ್ಲ ಅನ್ನಿಸಿಕೊಂಡ ಗಾಯಕನ ಪಾತ್ರ ಆರಿಸಿಕೊಂಡಿರುತ್ತಾನೆ. "ಏನು ಹೇಳ್ತೀಯ ಹೇಳು, ಚೆನ್ನಾಗಿದ್ರೆ ಒಪ್ಪುತ್ತಾನೆ" ಅಂದರೆ ಅವನಿಗೆ ಅನ್ಯಾಯ ಅಲ್ವಾ? ಯೋಧನ ಪಾತ್ರದವನಿಗೆ ಎದ್ದು ಮೇಜು ಎತ್ತಿ ತೋರಿಸು ಅಂತ ನಾವು ಹೇಳುವುದಿಲ್ಲವಲ್ಲ.

ನಾನು ಕೆಲಸದ ಜಾತಿ ನೋಡಿ ಬೇರೆ ಮಾಡುತ್ತೇನೆ. ಹುಡುಕುವುದು, ಬಲೆ ಬಿಡಿಸುವುದು, ಒಗಟು, ಇವೆಲ್ಲ ಆದಷ್ಟೂ ಮಾತಿನಲ್ಲಿ. ಮೈಯ ಕೆಲಸ, ಅಂದರೆ ಹತ್ತುವುದು, ಹಾರುವುದು, ಈಜುವುದು, ದಾಳಕ್ಕೆ. ಮನವೊಲಿಸುವುದಕ್ಕೆ ನಡುವಿನ ದಾರಿ. ಯಾರನ್ನು, ಏನು ಕೇಳುತ್ತೀಯ, ಯಾವ ಆಸೆ ಅಥವಾ ಭಯ ತೋರಿಸಿ ಕೇಳುತ್ತೀಯ, ಅಷ್ಟು ಹೇಳಿದರೆ ಸಾಕು. ನಾಟಕ ಬೇಕಿಲ್ಲ. ಆಮೇಲೆ ರೋಲ್.

ಎಲ್ಲಕ್ಕಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಗೆದ್ದರೂ ಸೋತರೂ ಆಟ ಮುಂದಕ್ಕೆ ಹೋಗುತ್ತದಾ? ಸೋಲಿಗೆ ಒಂದು ಬೆಲೆ ಇದೆಯಾ? ಯಾವುದಕ್ಕಾದರೂ "ಇಲ್ಲ" ಬಂದರೆ ದಾಳ ಚೀಲದಲ್ಲೇ ಇರಲಿ. ನನ್ನ ಬಾವಿ ಎರಡರಲ್ಲೂ ನಪಾಸು. ಪತ್ತೇದಾರಿ ಕಥೆಗಳಿಗೆ ಅಂತಲೇ 2007ರಲ್ಲಿ ಬಂದ ಗಮ್‌ಶೂ ವ್ಯವಸ್ಥೆ ಇದಕ್ಕೆ ಸೀದಾ ಉತ್ತರ ಕೊಟ್ಟಿದೆ. ಕಥೆ ಮುಂದೆ ಹೋಗಲು ಬೇಕೇಬೇಕಾದ ಸುಳಿವಿಗೆ ರೋಲ್ ಇಲ್ಲ. ಸರಿಯಾದ ಪರಿಣತಿ ಇರುವ ಪಾತ್ರ ಸರಿಯಾದ ಜಾಗದಲ್ಲಿ ನೋಡಿದರೆ ಸಿಗುತ್ತದೆ. ನೀವು ಆಡುವುದು ಕತ್ತಿ, ಮಂತ್ರದ ಆಟವಾದರೂ ಈ ಒಂದು ನಿಯಮವನ್ನು ಕದ್ದು ತನ್ನಿ. ಸಡಿಲ ಕಲ್ಲು ಪುಕ್ಕಟೆ ಸಿಗಲಿ. ಅದನ್ನು ಸದ್ದಿಲ್ಲದೆ ತೆಗೆಯಲಾಯಿತಾ ಅನ್ನುವುದಕ್ಕೆ ದಾಳ ಇರಲಿ.

ಒಂದೇ ಡಿ20

ಡಿ20 ಉರುಳಿಸು, ಮಾಡಿಫೈಯರ್ (ಪಾತ್ರದ ಬಲಾಬಲದ ಅಂಕಿ) ಕೂಡಿಸು, ಡಿಸಿ (ಕೆಲಸದ ಕಷ್ಟಕ್ಕೆ ತಕ್ಕ ಗುರಿಸಂಖ್ಯೆ) ಮುಟ್ಟಿದರೆ ಗೆಲುವು. 2000ದಲ್ಲಿ ಬಂದ ಡಂಜನ್ಸ್ ಅಂಡ್ ಡ್ರಾಗನ್ಸ್‌ನ ಮೂರನೇ ಆವೃತ್ತಿ ಇಡೀ ಆಟವನ್ನು ಈ ಒಂದೇ ಗೂಟಕ್ಕೆ ಕಟ್ಟಿತು. 2014ರ ಐದನೇ ಆವೃತ್ತಿ ಅದನ್ನು ಇನ್ನಷ್ಟು ಹಗುರ ಮಾಡಿತು. 18 ಸ್ಕಿಲ್‌ಗಳು. ಡಿಸಿ 5 ಅಂದರೆ ತೀರಾ ಸುಲಭ, 10 ಸುಲಭ, 15 ಸಾಧಾರಣ, 20 ಕಷ್ಟ, 25 ಬಲು ಕಷ್ಟ, 30 ಅಸಾಧ್ಯಕ್ಕೆ ಹತ್ತಿರ. ಹೊಸಬರಿಗೆ ಕಲಿಸಲು ಇದಕ್ಕಿಂತ ಸಲೀಸಾದ ದಾರಿ ಕಮ್ಮಿ. ದೊಡ್ಡ ಸಂಖ್ಯೆ ಬಿದ್ದರೆ ಒಳ್ಳೆಯದು, ಮುಗೀತು.

ಇದರ ಸ್ವಭಾವ ಮಾತ್ರ ಗೊತ್ತಿರಲಿ. ಡಿ20ರಲ್ಲಿ 1 ಬೀಳುವುದೂ 20 ಬೀಳುವುದೂ 10 ಬೀಳುವಷ್ಟೇ ಸಾಮಾನ್ಯ. ನಮ್ಮ ಕಳ್ಳಿಗೆ +5 ಇದೆ ಅನ್ನಿ, ಡಿಸಿ 15. ಅವಳಿಗೆ ಗೆಲುವು ನೂರಕ್ಕೆ 55. ಯಾವ ತರಬೇತಿಯೂ ಇಲ್ಲದ, +0 ಇರುವವನಿಗೆ 30. ಹುಟ್ಟಿದಾಗಿನಿಂದ ಗೋಡೆ ಹತ್ತಿದವಳಿಗೂ ನಿನ್ನೆ ಮೊನ್ನೆ ಬಂದವನಿಗೂ ಇಷ್ಟೇ ವ್ಯತ್ಯಾಸ. ಪರಿಣತೆ ಜಾರಿಬಿದ್ದು ಪುಸ್ತಕದ ಹುಳು ಸರಸರ ಇಳಿದುಹೋದರೆ ಒಂದು ಸಲ ನಗು ಬರುತ್ತದೆ. ಪ್ರತಿ ವಾರ ಆದರೆ ಕಳ್ಳಿಯ ಪಾತ್ರ ಮಾಡುವವಳಿಗೆ ಬೇಜಾರು.

ಪೈಪೋಟಿಯ ರೋಲ್‌ನಲ್ಲಿ ಇದು ಇನ್ನೂ ಎದ್ದು ಕಾಣುತ್ತದೆ. ಯೋಧ +5, ಮಾಂತ್ರಿಕ -1, ಇಬ್ಬರೂ ಕೈ ಕುಸ್ತಿಗೆ ಕೂತರು. ಇಬ್ಬರೂ ಡಿ20 ಉರುಳಿಸಿದರೆ ನೂರರಲ್ಲಿ ಸುಮಾರು 23 ಸಲ ಮಾಂತ್ರಿಕನೇ ಗೆಲ್ಲುತ್ತಾನೆ! ಎರಡು ದಾಳ, ಎರಡರ ಏರಿಳಿತ. ನಾನು ಪೈಪೋಟಿಯ ರೋಲ್ ಬಹುಪಾಲು ಬಿಟ್ಟಿದ್ದೇನೆ. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2024ರ ನಿಯಮಗಳೂ ಆ ದಿಕ್ಕಿಗೇ ಸರಿದಿವೆ. ಅಲ್ಲಿ ಅಡಗಲು ಡಿಸಿ 15 ಮುಟ್ಟಬೇಕು. ಎದುರಾಳಿಯನ್ನು ಹಿಡಿದುಕೊಳ್ಳಲು ಹೋದರೆ ಅವನು ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳುವ ರೋಲ್) ಹಾಕುತ್ತಾನೆ.

ಡಿ20 ಬಿಡಲು ಮನಸ್ಸಿಲ್ಲ ಅನ್ನುವವರಿಗೆ ಅಡ್ವಾಂಟೇಜ್ ಒಳ್ಳೆಯ ಆಯುಧ. ಎರಡು ಡಿ20 ಉರುಳಿಸಿ ಜಾಸ್ತಿ ಬಿದ್ದದ್ದನ್ನು ಇಟ್ಟುಕೊಳ್ಳುವುದು. ಕಳ್ಳಿಯ 55 ಆಗ ಸುಮಾರು 80 ಆಗುತ್ತದೆ. ಡಿಸ್‌ಅಡ್ವಾಂಟೇಜ್ ಆದರೆ 30ಕ್ಕೆ ಇಳಿಯುತ್ತದೆ. ಹಗ್ಗ ಚೆನ್ನಾಗಿದೆ +2, ಮಳೆ ಬರ್ತಿದೆ -2, ಕತ್ತಲೆ -4 ಅಂತ ಅಂಗಡಿ ಲೆಕ್ಕ ಹಾಕುತ್ತಾ ಕೂರುವುದು ತಪ್ಪುತ್ತದೆ. ಆಟಗಾರರ ಜಾಣತನಕ್ಕೆ ಕೂಡಲೇ ಬಹುಮಾನ ಕೊಡಲೂ ಇದು ಸುಲಭ. "ಗಂಟು ಹಾಕಿದ ಹಗ್ಗವಾ? ಹಾಗಾದ್ರೆ ಅಡ್ವಾಂಟೇಜ್."

ಡಿಸಿ ಬಗ್ಗೆ ಒಂದು ಮಾತು. ನಾನು 10, 15, 20 ಮಾತ್ರ ಬಳಸುತ್ತೇನೆ. 13 ಹಾಗೂ 14ರ ನಡುವಿನ ವ್ಯತ್ಯಾಸವನ್ನು ಮೇಜಿನಲ್ಲಿ ಯಾರೂ ಮೂಸಿ ಹೇಳಲಾರರು. ಇನ್ನೊಂದು ವಿಷಯ: ಪಾತ್ರಗಳ ಲೆವೆಲ್ ಏರಿತು ಅಂತ ಅದೇ ಬಾವಿಯ ಡಿಸಿ ಏರಿಸಬೇಡಿ. ಕಷ್ಟಪಟ್ಟು ಬಲ ಗಳಿಸಿದ್ದು ಹಳೇ ಬಾವಿಯನ್ನು ನಗುತ್ತಾ ಇಳಿಯಲಿಕ್ಕೆ.

ತನ್ನ ಅಂಕಿಗಿಂತ ಕೆಳಗೆ

ಪಾತ್ರದ ಹಾಳೆಯಲ್ಲಿ ಇರುವ ಸಂಖ್ಯೆಗೆ ಸಮ ಅಥವಾ ಕಡಿಮೆ ಬಿದ್ದರೆ ಗೆಲುವು. ಚುರುಕುತನ 15 ಇದ್ದರೆ ಡಿ20ರಲ್ಲಿ 15 ಅಥವಾ ಕೆಳಗೆ, ಅಂದರೆ ನೂರಕ್ಕೆ 75. ಡಂಜನ್ಸ್ ಅಂಡ್ ಡ್ರಾಗನ್ಸ್‌ನ 1981ರ ಬೇಸಿಕ್ ಆವೃತ್ತಿಯಲ್ಲಿ ಡಿಎಂಗಳಿಗೆ ಕೊಟ್ಟ ಸಲಹೆಗಳಲ್ಲಿ ಇದೂ ಇತ್ತು. ಹಳೇ ಶೈಲಿಯ ಆಟಗಳಲ್ಲಿ ಇವತ್ತೂ ಜೀವಂತ. ಡಿಎಂ ಡಿಸಿ ಹೇಳಬೇಕಾದ್ದಿಲ್ಲ, ಕೂಡುವುದಿಲ್ಲ, ಕಳೆಯುವುದಿಲ್ಲ. ಆಟಗಾರನಿಗೆ ತನ್ನ ಅವಕಾಶ ಎಷ್ಟು ಅಂತ ಹಾಳೆ ನೋಡಿದರೇ ಗೊತ್ತು. ತೊಂದರೆ ಒಂದೇ. ಕೆಲಸ ಎಷ್ಟು ಕಷ್ಟ ಅನ್ನುವುದಕ್ಕೆ ಇಲ್ಲಿ ಜಾಗ ಇಲ್ಲ. ಹುಣಸೆ ಮರ ಹತ್ತುವುದೂ ಪಾಚಿಗಟ್ಟಿದ ಬಾವಿ ಇಳಿಯುವುದೂ ಒಂದೇ ಬೆಲೆ. ಕಷ್ಟಕ್ಕೆ ಅಂಕಿ ಕಳೆಯಬಹುದು, ಆದರೆ ಆಗ ಅದರ ಸರಳತೆಯೇ ಹೋಗುತ್ತದೆ.

ಇದರ ದೊಡ್ಡಣ್ಣ ಶೇಕಡಾ ದಾಳ. 1978ರ ರೂನ್‌ಕ್ವೆಸ್ಟ್ ಇದನ್ನೇ ಹಿಡಿದು ಬೆಳೆಯಿತು. ಹತ್ತುವುದು 60 ಅಂದರೆ ನೂರಕ್ಕೆ ಅರವತ್ತು, ಯಾರಿಗೂ ವಿವರಿಸಬೇಕಿಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ಅದರ ಕಲಿಕೆಯ ನಿಯಮ. ಆಟದಲ್ಲಿ ಒಂದು ಸ್ಕಿಲ್ ಬಳಸಿ ಗೆದ್ದರೆ ಗುರುತು ಹಾಕಿಕೊಳ್ಳುತ್ತೀರಿ. ಸಾಹಸ ಮುಗಿದ ಮೇಲೆ ಅದೇ ಸ್ಕಿಲ್‌ಗೆ ಮತ್ತೆ ಉರುಳಿಸುತ್ತೀರಿ. ಈ ಸಲ ಇರುವ ಅಂಕಿಗಿಂತ ಮೇಲೆ ಬಿದ್ದರೆ ಸ್ಕಿಲ್ ಏರುತ್ತದೆ. ಗೊತ್ತಿಲ್ಲದವನು ಬೇಗ ಕಲಿಯುತ್ತಾನೆ, ಪಳಗಿದವನು ನಿಧಾನಕ್ಕೆ. ಬದುಕಿನಲ್ಲೂ ಹಾಗೇ ಅಲ್ವಾ. ದೀರ್ಘ ಕಾಲ ಒಂದೇ ಪಾತ್ರ ಸಾಕುವ ಗುಂಪಿಗೆ ಇದು ಚೆನ್ನ. ನಾಲ್ಕು ಸೆಷನ್ ಆಡಿ ಮುಗಿಸುವವರಿಗೆ ಸುಮ್ನೆ ಹೊರೆ.

ಎರಡು ಡಿ6, ಮೂರು ಫಲ

2010ರಲ್ಲಿ ಬಂದ ಅಪೋಕಲಿಪ್ಸ್ ವರ್ಲ್ಡ್ ತೆರೆದ ದಾರಿ ಇದು. 2012ರ ಡಂಜನ್ ವರ್ಲ್ಡ್ ಇದನ್ನು ಕತ್ತಿ, ಮಂತ್ರದ ಲೋಕಕ್ಕೆ ತಂದಿತು. ಎರಡು ಡಿ6 ಉರುಳಿಸಿ ಗುಣದ ಅಂಕಿ ಕೂಡಿಸಿ. 10 ಅಥವಾ ಮೇಲೆ ಬಂದರೆ ಅಂದುಕೊಂಡಂತೆ ಆಯಿತು. 7ರಿಂದ 9 ಬಂದರೆ ಆಯಿತು, ಆದರೆ ಏನೋ ಒಂದು ತೆರಬೇಕು. 6 ಅಥವಾ ಕೆಳಗೆ ಬಂದರೆ ಡಿಎಂ ಒಂದು ಸಂಕಟ ತರುತ್ತಾನೆ, ಆಟಗಾರ ಅನುಭವದ ಒಂದು ಅಂಕ ಬರೆದುಕೊಳ್ಳುತ್ತಾನೆ. ಸೋಲಿಗೂ ಪರಿಹಾರಧನ ಇರುವ ಆಟ.

ಎರಡು ದಾಳ ಸೇರಿದಾಗ ನಡುವಿನ ಸಂಖ್ಯೆಗಳು ಜಾಸ್ತಿ ಬೀಳುತ್ತವೆ. +1 ಇದ್ದವಳಿಗೆ ಪೂರ್ತಿ ಗೆಲುವು ನೂರಕ್ಕೆ 28, ಸೋಲು 28, ಉಳಿದ 44 ನಡುವಿನದ್ದು. +2 ಆದರೆ ಪೂರ್ತಿ ಗೆಲುವು 42, ನಡುವಿನದ್ದು 42, ಸೋಲು 17ರ ಹತ್ತಿರ. ಒಂದೇ ಒಂದು ಅಂಕಿಗೆ ಎಷ್ಟು ಬೆಲೆ ನೋಡಿ. ಡಿ20ರಲ್ಲಿ ಒಂದು ಅಂಕಿ ಅಂದರೆ ಯಾವಾಗಲೂ ನೂರಕ್ಕೆ 5 ಮಾತ್ರ.

ಈ ದಾರಿಯ ಜೀವ ಇರುವುದು ಆ ನಡುವಿನ ಫಲದಲ್ಲಿ. ಕಳ್ಳಿ ಬಾವಿಗೆ ಇಳಿಯುತ್ತಾಳೆ, 8 ಬೀಳುತ್ತದೆ. ಅವಳು ಕಲ್ಲಿನ ತನಕ ಮುಟ್ಟಿದಳು. ಆದರೆ ಹಗ್ಗ ಕಟ್ಟೆಯ ಅಂಚಿಗೆ ಉಜ್ಜಿ ಅರ್ಧ ಸವೆದಿದೆ, ಇನ್ನೊಬ್ಬರ ಭಾರ ತಡೆಯುವುದಿಲ್ಲ. ಅಥವಾ ಸೊಂಟದ ಚೀಲದಿಂದ ಒಂದು ಸಾಮಾನು ಬಿತ್ತು, ಯಾವುದು ಅಂತ ನೀನೇ ಹೇಳು. ಅಥವಾ ಕಾವಲುಗಾರನ ಲಾಟೀನು ಈ ಕಡೆ ತಿರುಗಿತು, ಈಗ ಒಳಗೆ ನುಗ್ಗುತ್ತೀಯೋ, ನೇತಾಡುತ್ತಾ ಉಸಿರು ಬಿಗಿಹಿಡಿಯುತ್ತೀಯೋ? ಒಂದು ರೋಲ್‌ನಿಂದ ಮುಂದಿನ ಹತ್ತು ನಿಮಿಷದ ಆಟ ಹುಟ್ಟಿತು.

ಇದರ ಖರ್ಚಿನ ಬಿಲ್ ಡಿಎಂ ಹೆಸರಿಗೆ ಬರುತ್ತದೆ. ಪ್ರತಿ ಎರಡನೇ ರೋಲ್‌ಗೆ ಹೊಸದೊಂದು ಎಡವಟ್ಟು ಹುಟ್ಟಿಸಬೇಕು. ಮೊದಲ ಗಂಟೆ ಮಜವಾಗಿರುತ್ತದೆ. ಮೂರನೇ ಗಂಟೆಗೆ ತಲೆ ಖಾಲಿ, ಎಲ್ಲರ ಹಗ್ಗವೂ ಸವೆಯತೊಡಗುತ್ತದೆ. ನಾನು ಈಗ ಆಟಕ್ಕೆ ಮೊದಲೇ ಒಂದು ಚೀಟಿಯಲ್ಲಿ ಆರೇಳು ಬೆಲೆಗಳನ್ನು ಬರೆದಿಟ್ಟುಕೊಳ್ಳುತ್ತೇನೆ: ಸದ್ದು, ಹೊತ್ತು, ಸಾಮಾನು, ಗಾಯ, ಋಣ, ಜಾಗದಲ್ಲಿ ಸಿಕ್ಕಿಬೀಳುವುದು. ತಲೆ ಓಡದಾಗ ಚೀಟಿ ನೋಡುತ್ತೇನೆ. ಅಷ್ಟು ಸಾಕು. ಲೆಕ್ಕಾಚಾರ ಮಾಡಿ ಪಾತ್ರ ಕಟ್ಟುವುದು ಇಷ್ಟ ಪಡುವ ಆಟಗಾರರಿಗೆ ಈ ದಾರಿ ಒಗ್ಗುವುದು ಕಷ್ಟ. "ನಾನು ಗೆದ್ದೆ ತಾನೇ, ಮತ್ತೆ ಯಾಕೆ ದಂಡ?" ಅಂತ ಕೇಳುತ್ತಾರೆ. ಅವರ ಮಾತಲ್ಲೂ ಅರ್ಥ ಇದೆ.

ಡೈಸ್ ರಾಶಿ

ಬ್ಲೇಡ್ಸ್ ಇನ್ ದ ಡಾರ್ಕ್ 2017ರದ್ದು. ಅಲ್ಲಿ ಎಷ್ಟು ಪರಿಣತಿಯೋ ಅಷ್ಟು ಡಿ6 ಉರುಳಿಸುತ್ತೀರಿ, ಎಲ್ಲಕ್ಕಿಂತ ದೊಡ್ಡದನ್ನು ಮಾತ್ರ ನೋಡುತ್ತೀರಿ. 6 ಬಿದ್ದರೆ ಗೆಲುವು. 4, 5 ಬಿದ್ದರೆ ಬೆಲೆ ತೆತ್ತ ಗೆಲುವು. 3 ಅಥವಾ ಕೆಳಗೆ ಬಿದ್ದರೆ ಕೆಟ್ಟಿತು. ಒಂದೇ ದಾಳ ಇದ್ದವನು ಅರ್ಧಕ್ಕರ್ಧ ಸೋಲುತ್ತಾನೆ. ಮೂರು ದಾಳದ ಕಳ್ಳಿ ಸೋಲುವುದು ಎಂಟರಲ್ಲಿ ಒಂದು ಸಲ. ಡಿ20ರಲ್ಲಿ ಕಾಣದ ಪರಿಣತಿ ಇಲ್ಲಿ ಎದ್ದು ಕಾಣುತ್ತದೆ. ಕೈತುಂಬ ದಾಳ ಹಿಡಿದು ಅಲುಗಾಡಿಸುವ ಸುಖವೂ ಬೋನಸ್.

ಆದರೆ ಈ ಆಟದಿಂದ ನಾನು ಕಲಿತದ್ದು ಬೇರೆ. ರೋಲ್‌ಗೆ ಮೊದಲೇ ಡಿಎಂ ಬಾಯಿಬಿಟ್ಟು ಹೇಳಬೇಕು: ಸೋತರೆ ಎಷ್ಟು ಕೆಡುತ್ತದೆ, ಗೆದ್ದರೆ ಎಷ್ಟು ಸಿಗುತ್ತದೆ. "ಕಾವಲುಗಾರ ದೂರ ಇದ್ದಾನೆ, ಸೋತರೆ ಹೊತ್ತು ಹೋಗುತ್ತೆ ಅಷ್ಟೇ." "ಕಾವಲುಗಾರ ಕಟ್ಟೆಯ ಪಕ್ಕದಲ್ಲೇ ಇದ್ದಾನೆ, ಸೋತರೆ ಹಗ್ಗ ಕತ್ತರಿಸುತ್ತಾನೆ." ದಾಳ ಅದೇ, ಆದರೆ ಎರಡೂ ಬೇರೆ ಆಟ. ಕೇಳಿದ ಮೇಲೆ ಬೇಡ ಅಂತ ಹಿಂದೆ ಸರಿಯಲು ಆಟಗಾರರಿಗೆ ಅವಕಾಶ ಇದೆ. ಆಮೇಲೆ "ನೀವು ಹೀಗಾಗುತ್ತೆ ಅಂತ ಹೇಳಲೇ ಇಲ್ಲ" ಅನ್ನುವ ತಕರಾರು ಬರುವುದಿಲ್ಲ. ಇದನ್ನು ಡಿ20 ಆಟಕ್ಕೂ ತಂದುಕೊಳ್ಳಿ, ಒಂದು ನಿಯಮವನ್ನೂ ಬದಲಿಸಬೇಕಾಗಿಲ್ಲ.

ಇನ್ನು 2019ರ ಪಾತ್‌ಫೈಂಡರ್ ಎರಡನೇ ಆವೃತ್ತಿ. ಡಿ20 ಹಾಗೇ ಉಳಿಸಿಕೊಂಡು ನಾಲ್ಕು ಮಟ್ಟದ ಫಲ ತಂದಿದೆ. ಡಿಸಿಗಿಂತ 10 ಜಾಸ್ತಿ ಬಂದರೆ ದೊಡ್ಡ ಗೆಲುವು, 10 ಕಮ್ಮಿ ಬಂದರೆ ದೊಡ್ಡ ಸೋಲು. 20 ಬಿದ್ದರೆ ಫಲ ಒಂದು ಮೆಟ್ಟಿಲು ಮೇಲೆ, 1 ಬಿದ್ದರೆ ಒಂದು ಮೆಟ್ಟಿಲು ಕೆಳಗೆ. ಯಾವ ಮಟ್ಟಕ್ಕೆ ಏನು ಅಂತ ಬಹಳಷ್ಟು ಕಡೆ ಪುಸ್ತಕದಲ್ಲೇ ಬರೆದಿದೆ. ನಿಯಮ ಓದುವುದು ಇಷ್ಟ, ಸ್ಥಳದಲ್ಲೇ ಎಡವಟ್ಟು ಹುಟ್ಟಿಸುವುದು ಕಷ್ಟ ಅನ್ನುವ ಡಿಎಂಗೆ ಇದು ಹೇಳಿ ಮಾಡಿಸಿದ ಆಟ.

ಸೋತ ಮೇಲೆ?

ಯಾವ ದಾಳ ಹಿಡಿದರೂ ಇಲ್ಲಿಗೆ ಬಂದೇ ಬರುತ್ತೀರಿ. ಸೋತವಳು "ಮತ್ತೆ ಪ್ರಯತ್ನ ಮಾಡ್ತೀನಿ" ಅನ್ನುತ್ತಾಳೆ. ಸುಮ್ಮನೆ ಬಿಟ್ಟರೆ ಏನಾಗುತ್ತದೆ ಲೆಕ್ಕ ಹಾಕಿ. 55ರ ಅವಕಾಶ ಮೂರು ಸಲ ಸಿಕ್ಕರೆ 91 ಆಗುತ್ತದೆ. ಆಗ ರೋಲ್ ಅನ್ನುವುದು ಹೊತ್ತು ಕಳೆಯುವ ಕೆಲಸ.

ನಾಲ್ಕು ಉತ್ತರಗಳು ಚಾಲ್ತಿಯಲ್ಲಿವೆ. ಡಂಜನ್ಸ್ ಅಂಡ್ ಡ್ರಾಗನ್ಸ್ ಮೂರನೇ ಆವೃತ್ತಿಯದ್ದು ಬಹಳ ಪ್ರಾಮಾಣಿಕ. ಸೋತರೆ ನಷ್ಟ ಇಲ್ಲ, ಹೊತ್ತು ಬೇಕಾದಷ್ಟಿದೆ ಅಂದರೆ 20 ಬಿತ್ತು ಅಂತಲೇ ಲೆಕ್ಕ ಹಿಡಿ, ಬದಲಿಗೆ ಇಪ್ಪತ್ತು ಪಟ್ಟು ಹೊತ್ತು ಹೋಗಲಿ. ಗಡಿಬಿಡಿ, ಅಪಾಯ ಇಲ್ಲದಿದ್ದಾಗ 10 ಬಿತ್ತು ಅಂತ ಹಿಡಿಯುವ ಅವಕಾಶವೂ ಇತ್ತು. ಪರಿಣತರು ದಿನನಿತ್ಯದ ಕೆಲಸದಲ್ಲಿ ಎಡವುವುದನ್ನು ಇದು ತಪ್ಪಿಸುತ್ತಿತ್ತು. ಹೊಸ ಆವೃತ್ತಿ ಆಡುವವರೂ ಇದನ್ನು ಇಟ್ಟುಕೊಳ್ಳುವುದು ಒಳ್ಳೆಯದು.

ಎರಡನೆಯದು ಬರ್ನಿಂಗ್ ವೀಲ್ ಆಟದ ಕಟ್ಟುನಿಟ್ಟು. ಒಮ್ಮೆ ಬಿದ್ದ ಗರವೇ ಗಟ್ಟಿ. ಪರಿಸ್ಥಿತಿ ನಿಜಕ್ಕೂ ಬದಲಾಗುವ ತನಕ ಮತ್ತೆ ಉರುಳಿಸುವ ಹಾಗಿಲ್ಲ. ಇದು ಡಿಎಂಗೂ ಅನ್ವಯ. ಒಂದು ಸಲ ಸದ್ದಿಲ್ಲದೆ ಇಳಿದಳು ಅಂತ ಆದ ಮೇಲೆ ಪ್ರತಿ ಹತ್ತು ಅಡಿಗೂ ಮತ್ತೆ ಮತ್ತೆ ರೋಲ್ ಕೇಳಿ ಬೀಳಿಸುವಂತಿಲ್ಲ. ಡಿಎಂಗಳು ಗೊತ್ತಿಲ್ಲದೇ ಮಾಡುವ ಮೋಸ ಇದು. ನಾನೂ ಮಾಡಿದ್ದೇನೆ.

ಮೂರನೆಯದು ಕಾಲ್ ಆಫ್ ಕ್ಥುಲು ಏಳನೇ ಆವೃತ್ತಿಯ ಪುಶ್. ಮತ್ತೆ ಉರುಳಿಸಬಹುದು, ಆದರೆ ಈ ಸಲ ಬೇರೆ ಏನು ಮಾಡುತ್ತೀಯ ಅಂತ ಹೇಳಬೇಕು. ಎರಡನೇ ಸೋಲು ಮೊದಲನೆಯದಕ್ಕಿಂತ ಜೋರಾಗಿ ಬಡಿಯುತ್ತದೆ. ಭಯದ ಆಟದ ನಿಯಮವಾದರೂ ಬಾವಿಗೆ ಚೆನ್ನಾಗಿ ಹೊಂದುತ್ತದೆ. "ಹಗ್ಗ ಬಿಟ್ಟು ಬರಿಗೈಲಿ ಇಳೀತೀನಿ." ಸರಿ, ಉರುಳಿಸು. ಮೇಜೆಲ್ಲ ಮುಂದಕ್ಕೆ ಬಾಗುತ್ತದೆ.

ನಾಲ್ಕನೆಯದು ಬೆಲೆ ತೆತ್ತು ಗೆಲ್ಲುವುದು. ಐದನೇ ಆವೃತ್ತಿಯ ಡಿಎಂ ಪುಸ್ತಕದಲ್ಲೇ ಇದು ಐಚ್ಛಿಕವಾಗಿ ಇದೆ. ಒಂದೆರಡು ಅಂಕಿಯಲ್ಲಿ ತಪ್ಪಿದರೆ ಕೆಲಸ ಆಯಿತು, ಜೊತೆಗೆ ಒಂದು ತೊಂದರೆಯೂ ಬಂತು ಅಂತ ಮಾಡಬಹುದು. ಡಿಸಿ 15ಕ್ಕೆ 13, 14 ಬಿದ್ದಾಗ ನಾನು ಇದನ್ನೇ ಹಿಡಿಯುತ್ತೇನೆ. ಕಲ್ಲು ಸರಿಯಿತು, ಆದರೆ ಕೈಜಾರಿ ಬಾವಿಯ ತಳಕ್ಕೆ ಬಿತ್ತು, ಕೋಟೆಗೆಲ್ಲ ಕೇಳಿಸಿತು.

ಯಾವುದು ಬೇಕು? ಹೊತ್ತು ಮುಖ್ಯವಾಗಿರುವ, ಟಾರ್ಚು ಎಣಿಸುವ, ಸುತ್ತುವ ಕಾವಲಿರುವ ಆಟದಲ್ಲಿ ಮತ್ತೆ ಮತ್ತೆ ಪ್ರಯತ್ನಿಸಲು ಧಾರಾಳವಾಗಿ ಬಿಡಿ. ಪ್ರತಿ ಸಲವೂ ಹತ್ತು ನಿಮಿಷ ಕಳೆಯುತ್ತದೆ ಅಂದರೆ ಆಟಗಾರರೇ ಅಳೆದು ತೂಗುತ್ತಾರೆ. ಹೊತ್ತಿನ ಹಂಗಿಲ್ಲದ ಆಟದಲ್ಲಿ ಬಿದ್ದ ಗರವೇ ಗಟ್ಟಿ ಅನ್ನುವುದು ಮೇಲು.

ಐದು ಜನ, ಒಂದು ಕೆಲಸ

ಐವರೂ ಕಾವಲುಗಾರನ ಕಣ್ಣು ತಪ್ಪಿಸಿ ಅಂಗಳ ದಾಟಬೇಕು. ಪ್ರತಿಯೊಬ್ಬರಿಗೂ ಗೆಲುವು ನೂರಕ್ಕೆ 70 ಅನ್ನಿ. ಒಬ್ಬ ಸೋತರೂ ಎಲ್ಲರೂ ಸಿಕ್ಕಿಬಿದ್ದರು ಅಂತ ನಿಯಮ ಮಾಡಿದರೆ ಐವರೂ ದಾಟುವ ಅವಕಾಶ ಬರೀ 17. ಅದಕ್ಕೇ ಎಷ್ಟೋ ಗುಂಪುಗಳು ನುಸುಳುವ ಯೋಚನೆಯನ್ನೇ ಬಿಟ್ಟು ಕತ್ತಿ ಎಳೆಯುತ್ತವೆ. ಐದನೇ ಆವೃತ್ತಿಯ ಗುಂಪು ಚೆಕ್ ಪ್ರಕಾರ ಅರ್ಧದಷ್ಟು ಜನ ಗೆದ್ದರೆ ಗುಂಪು ಗೆದ್ದಂತೆ. ಅದೇ ಐವರಲ್ಲಿ ಮೂವರು ಗೆದ್ದರೆ ಸಾಕು ಅಂದ ಕೂಡಲೇ ಅವಕಾಶ ಸುಮಾರು 84 ಆಗುತ್ತದೆ. ಆಕಾಶ ಭೂಮಿಯ ವ್ಯತ್ಯಾಸ.

ತಿರುವುಮುರುವು ಕೇಸೂ ಇದೆ. ಶಾಸನದ ಲಿಪಿ ಯಾವುದು ಅಂತ ಗೊತ್ತಾ? ಒಬ್ಬೊಬ್ಬರಿಗೂ 25 ಅವಕಾಶ ಇದ್ದರೆ ಐವರೂ ಉರುಳಿಸಿದಾಗ ಯಾರೋ ಒಬ್ಬರಿಗೆ ಗೊತ್ತಿರುವ ಅವಕಾಶ 76. ಪಂಡಿತನಿಗೆ ಬೆಲೆಯೇ ಇಲ್ಲ, ಯೋಧನಿಗೆ ಅಕಸ್ಮಾತ್ ಗೊತ್ತಿರುತ್ತದೆ. ಜ್ಞಾನದ ವಿಷಯದಲ್ಲಿ ಆ ಸ್ಕಿಲ್ ಕಲಿತವರು ಮಾತ್ರ ಉರುಳಿಸಲಿ, ಇನ್ನೊಬ್ಬರು ಬೇಕಾದರೆ ನೆರವಾಗಲಿ. ನನ್ನ ಮೇಜಿನಲ್ಲಿ ಇದು ಚರ್ಚೆಯಿಲ್ಲದ ಕಾನೂನು.

ಒಂದೇ ಗರಕ್ಕೆ ಬಿಡಲಾಗದಷ್ಟು ದೊಡ್ಡ ಕೆಲಸಕ್ಕೆ ಡಂಜನ್ಸ್ ಅಂಡ್ ಡ್ರಾಗನ್ಸ್‌ನ 2008ರ ನಾಲ್ಕನೇ ಆವೃತ್ತಿ ಸ್ಕಿಲ್ ಚಾಲೆಂಜ್ ತಂದಿತ್ತು. ಇಷ್ಟು ಸೋಲು ಆಗುವ ಮೊದಲು ಇಷ್ಟು ಗೆಲುವು ಬೇಕು ಅನ್ನುವ ಲೆಕ್ಕ. ನನಗೆ ಅದು ಒಗ್ಗಲಿಲ್ಲ. ಎಲ್ಲರೂ ಕಥೆ ಮರೆತು ತಮ್ಮ ದೊಡ್ಡ ಅಂಕಿಯ ಸ್ಕಿಲ್ ತುರುಕಲು ನೆಪ ಹುಡುಕುತ್ತಿದ್ದರು. ಬ್ಲೇಡ್ಸ್‌ನ ಗಡಿಯಾರ ಅದಕ್ಕಿಂತ ಚೆಂದ. ಹಾಳೆಯ ಮೇಲೆ ಒಂದು ವೃತ್ತ ಬರೆದು ನಾಲ್ಕು ಅಥವಾ ಆರು ಭಾಗ ಮಾಡಿ "ಕಾವಲುಗಾರನ ಅನುಮಾನ" ಅಂತ ಹೆಸರಿಡಿ. ಪ್ರತಿ ಸದ್ದಿಗೂ ಒಂದು ಭಾಗ ತುಂಬಿ. ತುಂಬಿದರೆ ಗಂಟೆ ಬಾರಿಸುತ್ತಾನೆ. ಎಲ್ಲರ ಕಣ್ಣೂ ಆ ವೃತ್ತದ ಮೇಲೇ ಇರುತ್ತದೆ.

ಉರುಳಿಸದ ದಾಳ, ಕಾಣದ ದಾಳ

ಪ್ಯಾಸಿವ್ ಅಂಕಿ ಅಂದರೆ 10ಕ್ಕೆ ಮಾಡಿಫೈಯರ್ ಕೂಡಿಸಿದ್ದು. ಅಡ್ವಾಂಟೇಜ್ ಇದ್ದರೆ ಇನ್ನೂ 5. ಕೇಳದೆಯೇ ಯಾರು ಏನು ಗಮನಿಸಿದರು ಅಂತ ನಿರ್ಧರಿಸಲು ಇದು ಅನುಕೂಲ. ಆಟ ನಿಲ್ಲುವುದಿಲ್ಲ, "ಎಲ್ಲರೂ ರೋಲ್ ಮಾಡಿ" ಅಂದ ಕೂಡಲೇ ಏನೋ ಇದೆ ಅಂತ ಗುಟ್ಟು ಬಿಟ್ಟುಕೊಡುವುದೂ ತಪ್ಪುತ್ತದೆ. ಆದರೆ ಕಳ್ಳಿಯ ಪ್ಯಾಸಿವ್ 15 ಅಂತ ನಿಮಗೆ ಮೊದಲೇ ಗೊತ್ತು. ಬಲೆಯ ಡಿಸಿ 14 ಬರೆದರೆ ಅವಳಿಗೆ ಖಂಡಿತ ಸಿಗುತ್ತದೆ, 16 ಬರೆದರೆ ಸಿಗುವುದೇ ಇಲ್ಲ. ಅಂಕಿ ಬರೆಯುವಾಗಲೇ ತೀರ್ಪು ಆಗಿಹೋಗಿರುತ್ತದೆ. ಅದು ಒಪ್ಪಿಗೆಯಿದ್ದರೆ ಬಳಸಿ. ನಾನು ಸುಳಿವು ಕೊಡಲು ಮಾತ್ರ ಬಳಸುತ್ತೇನೆ: "ಈ ಕಲ್ಲಿನ ಸುತ್ತ ಪಾಚಿ ಇಲ್ಲ." ಯಾಕೆ ಇಲ್ಲ ಅಂತ ಅವಳೇ ಕಂಡುಕೊಳ್ಳಲಿ.

ಗುಟ್ಟಿನ ರೋಲ್ ಬೇರೆ. ಪಾತ್‌ಫೈಂಡರ್ ಎರಡನೇ ಆವೃತ್ತಿಯಲ್ಲಿ ಹುಡುಕುವುದು, ನೆನಪು ಮಾಡಿಕೊಳ್ಳುವುದು, ಎದುರಿನವನ ಸುಳ್ಳು ಗುರುತಿಸುವುದು ಇವಕ್ಕೆ ಡಿಎಂ ಮರೆಯಲ್ಲಿ ಉರುಳಿಸುತ್ತಾನೆ. 2 ಬಿದ್ದದ್ದು ಕಂಡರೆ "ಇವನು ನಿಜ ಹೇಳ್ತಿದ್ದಾನೆ ಅನ್ಸುತ್ತೆ" ಅನ್ನುವ ಮಾತನ್ನು ಯಾರೂ ನಂಬುವುದಿಲ್ಲ, ಕಾಣದಿದ್ದರೆ ನಂಬುತ್ತಾರೆ. ಅನುಮಾನ, ಒಳಸಂಚಿನ ಕಥೆಗೆ ಸೊಗಸಾದ ದಾರಿ. ಡಿಎಂ ಮೇಲೆ ಇನ್ನೂ ನಂಬಿಕೆ ಕೂಡದ ಹೊಸ ಗುಂಪಿನಲ್ಲಿ ಮಾತ್ರ ಬೇಡ. ತಮ್ಮ ದಾಳ ತಾವೇ ಉರುಳಿಸುವುದು ಆಟಗಾರರಿಗೆ ದೊಡ್ಡ ಖುಷಿ, ಅದನ್ನು ಸುಮ್ಮನೆ ಕಿತ್ತುಕೊಳ್ಳಬಾರದು.

ಸ್ಕಿಲ್ ಪಟ್ಟಿ ಎಷ್ಟು ಉದ್ದ ಇರಬೇಕು ಅನ್ನುವುದು ಇನ್ನೊಂದು ಆಯ್ಕೆ. ಉದ್ದದ ಪಟ್ಟಿ ಇದ್ದರೆ ಬೇಕಾದ ಸ್ಕಿಲ್ ಯಾರ ಬಳಿಯೂ ಇರುವುದಿಲ್ಲ. ಪಟ್ಟಿಯೇ ಬೇಡ ಅನ್ನುವವರಿಗೆ 2013ರ 13ತ್ ಏಜ್ ನೋಡಲು ಹೇಳುತ್ತೇನೆ. ಅಲ್ಲಿ ಸ್ಕಿಲ್ ಬದಲು ಪಾತ್ರದ ಹಿನ್ನೆಲೆಗೇ ಅಂಕಿ. "ಹಡಗಿನಲ್ಲಿ ಅಡುಗೆ ಮಾಡುತ್ತಿದ್ದವನು, 4." ಅಡುಗೆಯವನಿಗೆ ಬಾವಿ ಇಳಿಯಲು ಹೇಗೆ ಬರುತ್ತದೆ ಅಂತ ಕೇಳಿ. ಬಿರುಗಾಳಿಯ ರಾತ್ರಿ ಹಗ್ಗದ ಏಣಿ ಹತ್ತಿ ಪಟದ ಮೇಲಿದ್ದವನಿಗೆ ಗಂಜಿ ಕೊಟ್ಟು ಬಂದ ಕಥೆ ಹೇಳಿದರೆ ಅಂಕಿ ಕೊಟ್ಟುಬಿಡಿ.

ನಡೆಯುತ್ತಿರುವ ಆಟದಲ್ಲಿ ದಾರಿ ಬದಲಿಸಬೇಕು ಅನ್ನಿಸಿದರೆ ದಾಳವನ್ನು ಮುಟ್ಟಬೇಡಿ. ಹಾಳೆಗಳೆಲ್ಲ ಹೊಸದಾಗಿ ಬರೆಯಬೇಕಾಗುತ್ತದೆ, ಅರ್ಧ ಸೆಷನ್ ಅದರಲ್ಲೇ ಹೋಗುತ್ತದೆ. ಮುಂದಿನ ವಾರ ಒಂದೇ ಒಂದು ಬದಲಾವಣೆ ಮಾಡಿ: ಯಾರಾದರೂ ದಾಳ ಕೈಗೆತ್ತಿಕೊಂಡಾಗ ಸೋತರೆ ಏನಾಗುತ್ತದೆ ಅಂತ ಮೊದಲು ಹೇಳಿ. ಹೇಳಲು ಏನೂ ಹೊಳೆಯದಿದ್ದರೆ "ಆಯ್ತು, ಸಿಕ್ಕಿತು" ಅಂದು ಮುಂದೆ ಹೋಗಿ. ಎರಡು ವಾರ ಹೀಗೆ ಆಡಿದ ಮೇಲೂ ಡಿ20 ನಿಮಗೆ ಹಿಡಿಸದಿದ್ದರೆ ಆಗ ಎರಡು ಡಿ6 ತನ್ನಿ. ಹೇಗೂ ಯಾವುದೋ ಹಳೇ ಹಾವು ಏಣಿ ಡಬ್ಬಿಯಲ್ಲಿ ಬಿದ್ದಿರುತ್ತವೆ.